ಮಂಚದ ಕೆಳಗಿನ ಮಂಗಳವಾರ

ತೊಗರಿ ರಾಶಿ ಮುಗಿದರೂ ಚಳಿ ಇನ್ನೂ ಊರು ಬಿಡದ ದಿನಗಳು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕೊಳಕೂರಿನ ಕಲ್ಲಿನಾಥ ಎರಡು ಕಪ್ಪಿನಷ್ಟು ಚಹಾ ಇಟ್ಟು ಬಾಗಿಲಲ್ಲಿ ಕುಳಿತ. ಒಂಟಿ ಮನುಷ್ಯ. ಎರಡು ವರ್ಷದ ಹಿಂದೆ ಅವನು ಓಡಿಸುತ್ತಿದ್ದ ಮೂರು ಗಾಲಿಯ ಟಂಟಂ ಗಾಡಿಯನ್ನು ಲಾರಿಯೊಂದು ಕಾಲುವೆಗೆ ತಳ್ಳಿತ್ತು. ಮೈಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಲಾರಿಯ ಹಾರ್ನ್ ಕೇಳಿದರೆ ಸಾಕು, ಕೊಡೆಯ ಹಾಗೆ ಮೈ ಮಡಚಿ ಮಂಚದ ಕೆಳಗೆ ಸೇರುತ್ತಿದ್ದ.

ಗಾಡಿ ಹತ್ತಲಾರದವನ ಮನೆಗೆ ಜೇವರ್ಗಿಯ ದವಾಖಾನೆಯಿಂದ ಆಪ್ತಸಮಾಲೋಚಕಿ ವಿಜಯಶ್ರೀ ಮಂಗಳವಾರಕ್ಕೊಮ್ಮೆ ಬರುತ್ತಿದ್ದಳು. ಕಾಲುವೆಯನ್ನು ನೆನೆಸಿಕೊಳ್ಳಲು ಹೇಳಿ, ಅವನ ಕಣ್ಣ ಮುಂದೆ ಎರಡು ಬೆರಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದಳು. ಬೆರಳಿನ ಜೊತೆ ಕಣ್ಣು ಓಡಾಡಿದರೆ ಭಯ ಸವೆಯುತ್ತದೆ ಎಂಬುದು ಅವಳ ವಿದ್ಯೆ. ಕಲ್ಲಿನಾಥನ ಕಣ್ಣು ಮಾತ್ರ ಗೂಟಕ್ಕೆ ಕಟ್ಟಿದ ಎಮ್ಮೆ. ಮೂವತ್ತು ವರ್ಷ ದಿನಾ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ರೆಪ್ಪೆ ಬಡಿಯದೆ ನೋಡಿ ಪಳಗಿದ ಕಣ್ಣು. ಆಡು ಎಂದರೆ ಎಲ್ಲಿ ಆಡೀತು. ಎರಡು ವಾರ ಹಾಗೇ ಹೋದವು. ಆದರೆ ಪ್ರತಿ ಸಲ ಬೆರಳು ನಿಲ್ಲಿಸಿ ಅವಳು, "ಈಗ ಮನಸ್ನ್ಯಾಗ ಏನ್ ಬಂತ್ರಿ?" ಎಂದು ಕೇಳುತ್ತಿದ್ದಳು. ಅವನನ್ನು ಏನಾದರೂ ಕೇಳಿ, ಉತ್ತರಕ್ಕೆ ಕಾಯುವವರು ಬೇರೆ ಯಾರೂ ಇರಲಿಲ್ಲ.

ಈ ಮಂಗಳವಾರ ವಿಜಯಶ್ರೀಯ ಹಿಂದೆಯೇ ಎದುರುಮನೆಯ ಗೌರಾಬಾಯಿ, ಸೈಕಲ್ ರಿಪೇರಿಯ ಚಮನಸಾಬ ಇಬ್ಬರೂ ತಾವಾಗಿಯೇ ಬಂದು ಕುಳಿತರು.

"ಇವನ ತಲಿ ಅಲ್ಲಾಡತದ್ರಿ ವಿಜಯಶ್ರೀ ಬಾಯಾರ, ನಾ ಹಿಡೀತೇನಿ," ಎಂದು ಚಮನಸಾಬ ಬೆಂಡಾದ ಚಕ್ರ ಹಿಡಿದಂತೆ ಅವನ ತಲೆ ಹಿಡಿದ.

"ಬೆರಳ ಯಾರ್ ನೋಡ್ತಾರ್ಲೇ. ಇದನ್ನ ನೋಡು," ಎಂದು ಗೌರಾಬಾಯಿ ಸೆರಗಿನಿಂದ ಶೇಂಗಾ ಹೋಳಿಗೆ ತೆಗೆದು ಅವನ ಮೂಗಿನ ಮುಂದೆ ಬೀಸಿದಳು.

ಹೋಳಿಗೆ ಎಡಕ್ಕೆ ಹೋಯಿತು, ಕಣ್ಣೂ ಹೋಯಿತು. ಬಲಕ್ಕೆ ಬಂತು, ಕಣ್ಣೂ ಬಂತು. ವಿಜಯಶ್ರೀ ನಗು ನುಂಗಿಕೊಂಡು, "ಆಗ್ಲಿ, ಅದನ್ನೇ ಆಡಸ್ರಿ," ಎಂದಳು. ಅರ್ಧ ಗಂಟೆಯಲ್ಲಿ ಕಾಲುವೆ ಹಳೆಯ ಫೋಟೋದ ಹಾಗೆ ಮಾಸಿ ದೂರ ಸರಿಯಿತು.

ಅಷ್ಟರಲ್ಲಿ ಅಫಜಲಪುರದ ಕಡೆಯ ಕಬ್ಬಿನ ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಎಲ್ಲರೂ ಮಂಚದ ಕಡೆ ನೋಡಿದರು. ಕಲ್ಲಿನಾಥ ಕುಳಿತೇ ಇದ್ದ.

"ಗುಣ ಆತ ನೋಡ್ರಿ," ಎಂದ ಚಮನಸಾಬ. "ಇನ್ನ ಬಾಯಾರು ಬರೂ ಜರೂರತ್ತಿಲ್ಲ."

ಕಲ್ಲಿನಾಥನಿಗೆ ಬರುವ ವಾರದ ಎರಡನೆಯ ಕಪ್ಪು ಕಣ್ಣ ಮುಂದೆ ಬಂತು, ಕುಡಿಯುವವರಿಲ್ಲದೆ ಕೆನೆ ಕಟ್ಟಿದ್ದು. ಎದ್ದು ಲುಂಗಿ ಸರಿ ಮಾಡಿಕೊಂಡು, ಸಾವಕಾಶವಾಗಿ ಮಂಚದ ಕೆಳಗೆ ಹೋದ.

"ಇದೇನಲೇ, ಲಾರಿ ಊರು ದಾಟಿ ಹೋತಲ್ಲ," ಎಂದಳು ಗೌರಾಬಾಯಿ.

"ಅಂಜಿಕಿ ಈಗ ಬಂತವ್ವಾ," ಎಂದಿತು ಒಳಗಿನ ದನಿ.

ವಿಜಯಶ್ರೀ ಬಗ್ಗಿ ಕೇಳಿದಳು: "ಸೊನ್ನಿಯಿಂದ ಹತ್ತರ ತನಕ, ಎಷ್ಟೈತ್ರಿ ಅಂಜಿಕಿ?"

"ಹತ್ತರಿ. ಹನ್ನೊಂದೂ ಇರಬಹುದು."

ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. "ಮೂರು ವಾರ ಆತ್ರಿ ಅಣ್ಣಾರ. ನಿಮಗ ಈ ಬೆರಳಿನ ವಿದ್ಯಾ ಹತ್ತಂಗಿಲ್ಲ. ಸುಮ್ನ ತ್ರಾಸ ಕೊಡಬಾರದು. ಆಂದೋಲಾ ಊರಾಗ ಒಬ್ಬಾಕಿ ಕಾಯಾಕತ್ತಾಳ, ಬರೂ ವಾರದಿಂದ ನಿಮ್ಮ ಮಂಗಳವಾರ ಆಕಿಗಿ ಕೊಡ್ತೇನಿ."

'ಸೊನ್ನಿ' ಎಂಬ ಮಾತು ಕಲ್ಲಿನಾಥನ ಗಂಟಲ ತನಕ ಬಂತು. ಸೊನ್ನೆ ಎಂದರೂ ಗುಣವಾಯಿತೆಂದು ಅವಳು ಹೋಗುವವಳೇ. ನುಂಗಿಕೊಂಡ.

ಮೊದಲು ಚಮನಸಾಬ ಹೋದ. ಗುಣವಾಗದವನಿಗೆ ಯಾತಕ್ಕೆಂದು ಹೋಳಿಗೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಗೌರಾಬಾಯಿ ಹೋದಳು. ಕೊನೆಗೆ ಓಣಿಯ ತಿರುವಿನಲ್ಲಿ ವಿಜಯಶ್ರೀಯ ಸ್ಕೂಟಿಯ ಹಾರ್ನ್ ಎರಡು ಸಲ ಕೇಳಿಸಿತು. ಮಂಚದ ಕೆಳಗಿದ್ದವನು ಒಂದಿಷ್ಟೂ ಬೆದರಲಿಲ್ಲ, ನೋಡಲು ಯಾರೂ ಇರಲಿಲ್ಲ. ವಿಜಯಶ್ರೀ ಹೋದಳು, ಜೊತೆಗೆ ಅವನ ಮಂಗಳವಾರವೂ ಹೋಯಿತು.