ಹೊಗೆಗೆ ಬಣ್ಣ ಹೊಡೆದ ಪುಟ್ಟಮಾದಪ್ಪ

ನಂಜಮಣ್ಣಿ ಬಚ್ಚಲ ಒಲೆಗೆ ಖಾಲಿ ಹಾಲಿನ ಕವರುಗಳನ್ನು ತುರುಕಿ, ಮೇಲೆ ತೆಂಗಿನ ಗರಿ ಇಟ್ಟು ಊದುಗೊಳವೆ ಊದುತ್ತಿದ್ದಳು. ಹಿತ್ತಿಲಿಂದ ತಮ್ಮ ಪುಟ್ಟಮಾದಪ್ಪನ ಕೂಗು ಕೇಳಿತು.

"ಅಕ್ಕಾ, ಬಾ ಬೇಗ! ಮಿಷನ್ನು ರೆಡಿ!"

ಬೀದಿಯ ಹಿಂದೆ ಪುರಸಭೆಯವರು ಕಸ ಸುಡುತ್ತಾರೆ, ಸಂಜೆಯಾದರೆ ತನಗೆ ಉಬ್ಬಸ ಏಳುತ್ತದೆ, ನಿಲ್ಲಿಸಿ ಎಂದು ಅವಳು ಜಿಲ್ಲಾಧಿಕಾರಿಗೆ ಅರ್ಜಿ ಬರೆದು ತಿಂಗಳುಗಳಾಗಿದ್ದವು. ಅದು ಇನ್ನೂ ಸಾಸಿವೆ ಡಬ್ಬಿಯಡಿಯೇ ಇತ್ತು. "ಸಾಕ್ಷಿ ಇಲ್ದೆ ಕಳಿಸಿದ್ರೆ ಯಾರಕ್ಕ ನಂಬ್ತಾರೆ? ತಡಿ" ಎಂದು ತಡೆದವನು, ಊರಿನ ಮಿಕ್ಸಿ ರಿಪೇರಿ ಮಾಡುವ ಈ ತಮ್ಮನೇ.

ಔಷಧಿ ಹೊಡೆಯುವ ಪಂಪಿಗೆ ಹಳೆಯ ಫ್ಯಾನು ಕಟ್ಟಿದ್ದ. ಅದರ ತುಂತುರು ತಾಗಿದರೆ ಕಾಡ್ಗಿಚ್ಚಿನ ಹೊಗೆ ಹಳದಿ, ಗಾಡಿಯ ಹೊಗೆ ನೀಲಿ, ಪ್ಲಾಸ್ಟಿಕ್ ಹೊಗೆ ಗುಲಾಬಿ!

ಸ್ವಿಚ್ಚು ಒತ್ತಿದ. ಆಕಾಶವೆಲ್ಲ ಹಳದಿ!

"ಗುಡ್ಡದ ಕಾಡು ಅಷ್ಟು ದೂರ ಅದೆ. ಅಲ್ಲಿ ಹೊತ್ಕೊಂಡ ಬೆಂಕಿ ಹೊಗೆ ನಮ್ಮ ಹಿತ್ಲಿಗೂ ಬತ್ತದೇನ್ಲಾ?"

"ಗಾಳಿಗೆ ಚೆಕ್‌ಪೋಸ್ಟ್ ಇದ್ದದಾ ಅಕ್ಕ?"

ಹೆದ್ದಾರಿಯ ಕಡೆಯಿಂದ ನೀಲಿ ಎದ್ದಿತು. ಕಸದ ರಾಶಿಯಿಂದ ದಟ್ಟ ಗುಲಾಬಿ! "ನೋಡ್ದಾ ಸಾಕ್ಷೀನ!" ಎಂದು ಪುಟ್ಟಮಾದಪ್ಪ ಕುಣಿದ.

ನಂಜಮಣ್ಣಿ ಮಾತ್ರ ಬೇರೆ ಕಡೆ ನೋಡುತ್ತಿದ್ದಳು. "ಅಲ್ವಲಾ, ನಮ್ಮ ಬಚ್ಚಲ ಮ್ಯಾಲೂ ಗುಲಾಬೀನೇ ಏಳ್ತಾ ಅದಲ್ಲ?"

ಬೀದಿಯ ಒಂದೊಂದು ಬಚ್ಚಲ ಮೇಲೂ ಅದೇ! ಪಂಪು ನಿಲ್ಲಿಸಲು ಹೋದರೆ ಸ್ವಿಚ್ಚು ಕಿತ್ತು ಕೈಗೇ ಬಂತು. ಒಣಹಾಕಿದ ಬಟ್ಟೆ, ಕಟ್ಟಿದ ಎಮ್ಮೆ, ಎಲ್ಲಕ್ಕೂ ಬಣ್ಣದ ಪಟ್ಟೆ ಬಿತ್ತು.

"ಲೇ ಮಾದಪ್ಪ! ನನ್ನ ಮದ್ವೆ ಪಂಚೆ ಕೆಡಿಸ್ಬುಟ್ಟಲ್ಲೋ!" ಪಕ್ಕದ ಮನೆಯ ಶಿವಮಲ್ಲು ಬೇಲಿ ಹಾರಿ ಬಂದ.

"ಒಲೇಲಿ ಹಳೇ ಚಪ್ಲಿ ಉರಿಸ್ತೀಯಲ್ಲ, ಅದ ಹೇಳು ಮೊದ್ಲು!"

ಬೈಯಲು ಬಾಯಿ ತೆರೆದ ಶಿವಮಲ್ಲುವಿನ ಉಸಿರೇ ಗುಲಾಬಿಯಾಗಿ ಹೊರಬಂತು. ಅಲ್ಲಿಗೆ ಜಗಳ ನಿಂತಿತು. ನಂಜಮಣ್ಣಿ ಕುತೂಹಲದಿಂದ ತನ್ನ ಅಂಗೈಗೆ ಉಸಿರು ಬಿಟ್ಟು ನೋಡಿದಳು. ಎಲ್ಲರಿಗಿಂತ ದಟ್ಟ ಬಣ್ಣ ಅವಳದೇ!

"ಇದು ಕಸದ ರಾಶೀದೋ, ನನ್ನ ಒಲೇದೋ?"

"ಎರಡೂ ಸೇರ್ಕೊಂಡದೆ ಅಕ್ಕ" ಎಂದ ಪುಟ್ಟಮಾದಪ್ಪ, ಮೆಲ್ಲಗೆ.

ಮರುದಿನ ಒಲೆಗೆ ಬರೀ ತೆಂಗಿನ ಸಿಪ್ಪೆ ಬಿತ್ತು. ಉಸಿರಿನ ಗುಲಾಬಿ ಮಾತ್ರ ಇನ್ನೂ ಹೋಗಿರಲಿಲ್ಲ. ನಂಜಮಣ್ಣಿ ಅರ್ಜಿ ತೆಗೆದು, ಕೊನೆಗೊಂದು ಸಾಲು ಸೇರಿಸಿದಳು: "ಒಲೆಗೆ ಪ್ಲಾಸ್ಟಿಕ್ ಹಾಕುವುದನ್ನು ನಾನು ಬಿಟ್ಟಿದ್ದೇನೆ. ಇನ್ನು ಪುರಸಭೆಯವರು ಸುಡುವುದನ್ನು ನೀವು ಬಿಡಿಸಬೇಕು." ಅರ್ಜಿಯನ್ನು ಲಕೋಟೆಗೆ ಹಾಕಿ, ಅದರೊಳಗೆ ಒಮ್ಮೆ ಜೋರಾಗಿ ಕೆಮ್ಮಿ, ಗುಲಾಬಿ ಹೊರಬೀಳುವ ಮೊದಲೇ ಲಕೋಟೆಯ ಬಾಯಿ ಅಂಟಿಸಿದಳು.

"ಇದೇನಕ್ಕ?"

"ನೀನೇ ಕೇಳಿದ್ಯಲ್ಲಪ್ಪ, ಸಾಕ್ಷಿ" ಎನ್ನುತ್ತ ಲಕೋಟೆಯನ್ನು ಅಂಚೆ ಡಬ್ಬಿಗೆ ಹಾಕಿದಳು.