ಚಲುವರಾಜು ಲಿನಕ್ಸ್ ಹಾಕಿದ ವಾರ

"ಇವತ್ತಿಂದ ಈ ಮನೇಲಿ ಕಿಟಕಿ ಇರಂಗಿಲ್ಲ!"

ಸೋಮವಾರ ಸಂಜೆ ಚಲುವರಾಜು ನಡುಮನೆಯಲ್ಲಿ ನಿಂತು ಹೀಗೆ ಘೋಷಿಸಿದಾಗ ಅವನ ತಾಯಿ ಚಿಕ್ಕಬೋರಮ್ಮ ಗಾಬರಿಯಿಂದ ಅಡುಗೆಮನೆಯತ್ತ ತಿರುಗಿ ನೋಡಿದರು.

"ಕಿಟ್ಕಿ ಮುಚ್ಬುಟ್ರೆ ಒಗೆ ಎಲ್ಲಿಗೋಗದ್ಲಾ?"

"ಆ ಕಿಟ್ಕಿ ಅಲ್ಲ ಕಣವ್ವಾ! ಕಂಪ್ಯೂಟರ್ ಒಳಗಿಂದು. ವಿಂಡೋಸು!"

ಮದುವೆಯ ವರ್ಷ ಕೊಂಡ ಲ್ಯಾಪ್‌ಟಾಪಿಗೆ ಈಗ ಒಂಬತ್ತು ವರ್ಷ. ಹೊಸ ವಿಂಡೋಸನ್ನು ತಾಳುವ ಶಕ್ತಿ ಅದಕ್ಕಿರಲಿಲ್ಲ. ಇದ್ದ ಹಳೆಯದೋ, ಸ್ವಿಚ್ ಒತ್ತಿ ಹೋದ ಅವನ ಹೆಂಡತಿ ಅರ್ಪಿತ ಮುದ್ದೆ ತೊಳಸಿ, ಸಾರಿಗೆ ಒಗ್ಗರಣೆ ಹಾಕಿ, ಕೈ ಒರೆಸಿಕೊಂಡು ಬಂದು ಕೂತರೂ ಪರದೆಯ ಮೇಲೆ ಉಂಗುರ ಸುತ್ತುತ್ತಲೇ ಇರುತ್ತಿತ್ತು. ಅದನ್ನು ಕಿತ್ತುಹಾಕಿ ಲಿನಕ್ಸ್ ಹಾಕುವುದು ಚಲುವರಾಜುವಿನ ಸಂಕಲ್ಪ. ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆ. ಬಿಟ್ಟಿ ಸಿಗುತ್ತದೆ, ಹಳೆಯ ಯಂತ್ರಕ್ಕೂ ಹಗುರ. ಆದರೆ ಅದರಲ್ಲಿ ನೂರಾರು ಬಗೆ. ಬೇಳೆ ಒಂದೇ ಆದರೂ ಮನೆಗೊಂದು ಸಾರು ಇದ್ದ ಹಾಗೆ.

"ಭಾನುವಾರ ಒಂದು ಕಳೀಲಿ. ಆಮೇಲೆ ಏನಾದ್ರೂ ಮಾಡ್ಕೊಳಿ," ಎಂದಳು ಅರ್ಪಿತ.

ಅವಳ ಭಯಕ್ಕೆ ಕಾರಣವಿತ್ತು. ಮಕ್ಕಳಿಗೆ ಆನ್‌ಲೈನಿನಲ್ಲಿ ಲೆಕ್ಕ ಕಲಿಸುವ ಸಂಸ್ಥೆಯೊಂದು, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಇಪ್ಪತ್ತು ನಿಮಿಷ ಪಾಠ ಮಾಡಿ ತೋರಿಸಿ ಎಂದು ಅವಳಿಗೆ ಬರೆದಿತ್ತು. ಬಿ.ಎಡ್. ಮುಗಿಸಿ ಪಾಂಡವಪುರದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ, ಅವಳ ಹೆಸರಿಗೇ ಬಂದ ಮೊದಲ ಕರೆ ಅದು. ಹದಿನೈದು ದಿನ ಕೂತು ಭಿನ್ನರಾಶಿಯ ಪಾಠಕ್ಕೆ ಬಣ್ಣಬಣ್ಣದ ಚಿತ್ರಪುಟಗಳನ್ನು ಮಾಡಿಟ್ಟಿದ್ದಳು.

"ನಿನ್ ಪಾಠಕ್ಕೇ ಕಣೇ ನಾನಿಷ್ಟು ಒದ್ದಾಡ್ತಿರೋದು! ಆಫೀಸಲ್ಲಿ ನನ್ನ ಏನಂತಾರೆ ಗೊತ್ತಾ?"

"ಗೊತ್ತು. ಪ್ರಿಂಟರ್ ಪ್ಲಗ್ ಸಿಗಿಸಿದ್ದಕ್ಕೆ ಇಂಜಿನಿಯರ್ ಅಂತಾರೆ."

ಸಹಕಾರ ಸಂಘದ ಗುಮಾಸ್ತ ಚಲುವರಾಜು ಈ ಮಾತನ್ನು ಉದಾರವಾಗಿ ಕ್ಷಮಿಸಿದ. ಅವಳ ಪಾಠವನ್ನೆಲ್ಲ ಒಂದು ಕೆಂಪು ಪೆನ್‌ಡ್ರೈವಿಗೆ ತುಂಬಿ, "ಬ್ಯಾಂಕ್ ಲಾಕರ್ ಅನ್ಕೊ!" ಎಂದು ಜೇಬಿಗಿಳಿಸಿದ.

ಶ್ರೀರಂಗಪಟ್ಟಣದಲ್ಲಿ ಅವನ ಗೆಳೆಯ ಫೈಸಲನದು ಕಂಪ್ಯೂಟರ್ ರಿಪೇರಿ ಅಂಗಡಿ. ಮಂಗಳವಾರ ಅವನು ನಾಲ್ಕು ಪೆನ್‌ಡ್ರೈವಿನಲ್ಲಿ ನಾಲ್ಕು ಬಗೆಯ ಲಿನಕ್ಸ್ ಕೊಟ್ಟು, "ಒಂದ್ ಮಾತ್ ಕೇಳ್ಸ್ಕೊ ಯಾರ್, ಹಾಕೋಕ್ ಮುಂಚೆ..." ಎನ್ನುವಷ್ಟರಲ್ಲಿ ಚಲುವರಾಜು ಪಾಂಡವಪುರದ ಬಸ್ಸಿನ ಮೆಟ್ಟಿಲ ಮೇಲಿದ್ದ.

ಒಂದನೆಯ ಲಿನಕ್ಸ್ ಅರ್ಧ ಗಂಟೆಯಲ್ಲಿ ಕೂತಿತು. ಏನು ವೇಗ! ಏನು ಅಂದ! ಆದರೆ ಸದ್ದಿಲ್ಲ. ಅರ್ಪಿತ ಮೈಕಿನ ಮುಂದೆ "ಮಕ್ಕಳೇ" ಎಂದು ಏಳು ಸಲ ಕರೆದಳು. ಒಂದು ಸಲವೂ ಯಂತ್ರ ಓಗೊಡಲಿಲ್ಲ.

ಬುಧವಾರದ ಎರಡನೆಯದಕ್ಕೆ ಕಂಠ ಬಂತು, ವೈಫೈ ಹೋಯಿತು. "ಲೋಕದ ಜೊತೆ ಮಾತಿಲ್ಲ, ತನ್ನಷ್ಟಕ್ಕೆ ತಾನು ಹಾಡ್ಕೊಂಡು ಕೂತೈತೆ," ಎಂದಳು ಅರ್ಪಿತ. ಗುರುವಾರದ ಮೂರನೆಯದರಲ್ಲಿ ಸದ್ದೂ ಇತ್ತು, ವೈಫೈಯೂ ಇತ್ತು, ಕ್ಯಾಮೆರಾ ಮಾತ್ರ ತಲೆಕೆಳಗು! ಪರದೆಯ ಮೇಲೆ ಅರ್ಪಿತ ಜಂತೆಗೆ ನೇತುಬಿದ್ದ ಬಾವಲಿಯ ಹಾಗೆ ಕಂಡಳು. ಚಲುವರಾಜು ಧೃತಿಗೆಡಲಿಲ್ಲ. ಲ್ಯಾಪ್‌ಟಾಪನ್ನೇ ತಲೆಕೆಳಗಾಗಿ ಎರಡು ಸ್ಟೀಲ್ ಡಬ್ಬಗಳ ಮೇಲೆ ನಿಲ್ಲಿಸಿದ.

"ಈಗ ನೆಟ್ಟಗೆ ಕಾಣ್ತಿದೀಯ!"

"ನಾನೇನೋ ನೆಟ್ಟಗಿದೀನಿ. ಕೀಬೋರ್ಡು ಆಕಾಶದಲ್ಲೈತಲ್ಲ, ಏಣಿ ಹಾಕ್ಕೊಂಡು ಒತ್ಲಾ?"

ಶುಕ್ರವಾರದ ನಾಲ್ಕನೆಯದರಲ್ಲಿ ಎಲ್ಲವೂ ಸರಿಯಿತ್ತು. ಚಲುವರಾಜು ವಿಜಯೋತ್ಸವಕ್ಕೆಂದು ಬೀದಿಗೆ ಹೋಗಿ ಬೋಂಡ ಕಟ್ಟಿಸಿಕೊಂಡು ಬಂದ. ಬಂದು ನೋಡಿದರೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿತ್ತು. ತೆರೆದ. ಕತ್ತಲೆ. ಯಾವ ಗುಂಡಿ ಒತ್ತಿದರೂ ಕಣ್ಣು ಬಿಡಲೊಲ್ಲದು. ಒಮ್ಮೆ ಮುಚ್ಚಿದರೆ ಏಳದ ನಿದ್ದೆ ಅದರದು!

"ಯಾರು ಮುಚ್ಚಿದ್ದು?"

"ನಾನೇ ಕಣ್ಲಾ," ಎಂದರು ಚಿಕ್ಕಬೋರಮ್ಮ. "ಪಾಪ, ಬಾಯಿ ತಕ್ಕೊಂಡು ಮಲ್ಗಿತ್ತು. ನೊಣ ಒಳಿಕ್ಕೋದಾತು ಅಂತ ಮುಚ್ದೆ."

ಪವರ್ ಗುಂಡಿಯನ್ನು ಹಿಡಿದೊತ್ತಿ ಹೇಗೋ ಎಬ್ಬಿಸಿದ್ದಾಯಿತು. "ಸಾಕು ಬುಡಿ, ಮುಚ್ದೇ ಇದ್ರಾಯ್ತು. ಇದ್ರಲ್ಲೇ ಪಾಠ ಮಾಡ್ತೀನಿ," ಎಂದಳು ಅರ್ಪಿತ. ಅಲ್ಲಿಗೆ ನಿಲ್ಲಿಸಿದ್ದರೆ ಚಲುವರಾಜುವಿನ ಮಾನ ಉಳಿಯುತ್ತಿತ್ತು. ಆದರೆ ಕುಂಟು ಯಂತ್ರವನ್ನು ಹೆಂಡತಿಗೆ ಕೊಡುವುದುಂಟೇ? ಶನಿವಾರ ಮಧ್ಯಾಹ್ನ, ಅದೇ ವಾರ ಬಂದಿದ್ದ ಬಿಸಿಬಿಸಿ ಹೊಸ ಲಿನಕ್ಸೊಂದನ್ನು ಇಳಿಸಿಕೊಂಡು, ಜೇಬಿನಲ್ಲಿ ಕೈಗೆ ಸಿಕ್ಕ ಪೆನ್‌ಡ್ರೈವಿಗೆ ತುಂಬಿದ. "ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ?" ಎಂದು ಯಂತ್ರ ಕೇಳಿತು. ಸರಿ ಎಂದು ಒತ್ತಿದ.

ಅಷ್ಟರಲ್ಲಿ ಅರ್ಪಿತ ಬಂದಳು. "ರೀ, ನನ್ ಪಾಠ ವಾಪಸ್ ಹಾಕ್ಕೊಡಿ, ಒಂದ್ಸಲ ನೋಡ್ಕೋತೀನಿ. ಆ ಕೆಂಪು ಪೆನ್‌ಡ್ರೈವ್ ಎಲ್ಲಿ?"

ಚಲುವರಾಜು ಲ್ಯಾಪ್‌ಟಾಪಿನ ಪಕ್ಕಕ್ಕೆ ಸಿಕ್ಕಿಸಿದ್ದನ್ನು ನೋಡಿದ. ಕೆಂಪಗಿತ್ತು.

ಅರ್ಪಿತ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಕುರ್ಚಿಯಲ್ಲಿ ಕೂತು ಪರದೆಯನ್ನೇ ನೋಡಿದಳು. ಹದಿನೈದು ದಿನ! "ನಾನು... ಫೈಸಲ್‌ಗೆ ಫೋನ್ ಮಾಡ್ಲಾ?"

"ಬೇಡ. ನಾನೇ ಮಾಡ್ತೀನಿ. ನೀವು ಸ್ವಲ್ಪ ಆಚೆ ಕೂತ್ಕೊಳಿ."

ಅವಳು ಫೋನನ್ನು ಸ್ಪೀಕರಿಗೆ ಹಾಕಿ ನಡೆದದ್ದನ್ನೆಲ್ಲ ಹೇಳಿದಳು. ಅತ್ತ ಫೈಸಲ್ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

"ಯಾ ಅಲ್ಲಾ! ಭಾಭಿ, ಪೆನ್‌ಡ್ರೈವ್ ಹಾಕಿದ್ ತಕ್ಷಣ ಎರಡು ಗುಂಡಿ ಕಾಣ್ತವೆ ನೋಡಿ. ಒಂದು ಇನ್‌ಸ್ಟಾಲ್, ಇನ್ನೊಂದು ಟ್ರೈ. ಟ್ರೈ ಒತ್ತಿದ್ರೆ ಪೆನ್‌ಡ್ರೈವಿಂದಲೇ ಓಡ್ತದೆ, ಕಂಪ್ಯೂಟರ್ ಒಳಗೆ ಏನೂ ಮುಟ್ಟಲ್ಲ. ಸದ್ದು, ವೈಫೈ, ಕ್ಯಾಮೆರಾ ಎಲ್ಲಾ ನೋಡ್ಕೊಂಡು ಆಮೇಲೆ ಹಾಕ್ಬೇಕು. ಅದನ್ನೇ ಹೇಳೋಕೆ ಹೋದೆ, ಇವನು ಬಸ್ ಹತ್ತ್‌ಬುಟ್ಟ!"

ಅರ್ಪಿತ ಗಂಡನತ್ತ ತಿರುಗಿದಳು. "ಒಂದ್ ಜೊತೆ ಚಪ್ಪಲಿ ತಗೊಳ್ಳೋದಾದ್ರೂ ಮೊದ್ಲು ಕಾಲಿಗೆ ಹಾಕ್ಕೊಂಡ್ ನೋಡ್ತೀವಲ್ರೀ! ಐದು ದಿನ ಆ ಗುಂಡಿ ಕಾಣ್ಲೇ ಇಲ್ವಾ?"

"ಕಂಡಿತ್ತು," ಎಂದ ಚಲುವರಾಜು, ಬಾಗಿಲ ಬಳಿಯಿಂದ. "ಅದು ಗೊತ್ತಿಲ್ಲದವ್ರಿಗೆ ಅನ್ಕೊಂಡೆ."

ಫೈಸಲ್ ಯಂತ್ರದ ಮಾದರಿ ಕೇಳಿ ತಿಳಿದು, ಎರಡು ಲಿನಕ್ಸ್‌ಗಳ ಕೊಂಡಿ ಕಳಿಸಿದ. "ಹೊಸದು ಬೇಡ ಭಾಭಿ. ಹಳೇ ಗಾಡಿಗೆ ಓಡಿ ಪಳಗಿರೋ ಹಳೇದೇ ಆಗ್ಬೇಕು." ಅರ್ಪಿತ ಒಂದು ಚೀಟಿಯಲ್ಲಿ ಸದ್ದು, ವೈಫೈ, ಕ್ಯಾಮೆರಾ, ಮುಚ್ಚಳ ಎಂದು ಬರೆದುಕೊಂಡು ಒಂದೊಂದನ್ನೇ ಪೆನ್‌ಡ್ರೈವಿಗಿಳಿಸಿ, ಟ್ರೈ ಒತ್ತಿ ಓಡಿಸಿ ನೋಡಿದಳು. ಪಕ್ಕದಲ್ಲಿ ಚಿಕ್ಕಬೋರಮ್ಮ ಕುಕ್ಕರುಗಾಲಲ್ಲಿ ಕೂತು, "ಅಂಗೆ ಮಾಡು! ನಿಮ್ ಮಾವ ಹೇಮಗಿರಿ ಜಾತ್ರೇಲಿ ಎತ್ತು ತರಾಗ ನಾಕೆಜ್ಜೆ ನಡ್ಸಿ ನೋಡ್ದೆ ಅಗ್ಗಕ್ಕೆ ಕೈ ಆಕ್ತಿರ್ಲಿಲ್ಲ," ಎಂದರು. ಮೊದಲನೆಯದು ವೈಫೈಯಲ್ಲೇ ಎಡವಿತು. ಎರಡನೆಯದು ನೋಡಲು ಸಾದಾ, ಬೂದು ಬಣ್ಣ. ಆದರೆ ನಾಲ್ಕಕ್ಕೆ ನಾಲ್ಕೂ ಸರಿ. ಮುಚ್ಚಳ ಮುಚ್ಚಿ ತೆರೆದರೆ ಪಟ್ಟನೆ ಎದ್ದಿತು! ದೀಪ ಹಚ್ಚುವ ಹೊತ್ತಿಗೆ ಲಿನಕ್ಸ್ ಒಳಗೆ ಕೂತಿತ್ತು.

ಪಾಠ ಮಾತ್ರ ಹೋದದ್ದು ಹೋಯಿತು.

ಭಾನುವಾರ ಹನ್ನೊಂದಕ್ಕೆ ಅರ್ಪಿತ ಮಣೆಯ ಮೇಲೆ ಮೂರು ಉಂಡೆ ಬೆಲ್ಲ, ಒಂದು ಚಾಕು ಇಟ್ಟುಕೊಂಡು ಕ್ಯಾಮೆರಾ ಮುಂದೆ ಕೂತಳು. "ಮಕ್ಕಳೇ, ಇದು ಒಂದು. ಈಗ ನಮ್ಮನೇಲಿ ಮೂರು ಜನ," ಎಂದು ಒಂದು ಉಂಡೆಯನ್ನು ಕತ್ತರಿಸಿದಳು. ಅರ್ಧ, ಕಾಲು, ಮೂರನೇ ಒಂದು, ಎಲ್ಲ ಬೆಲ್ಲದ ತುಂಡಾಗಿ ಸಾಲಾಗಿ ನಿಂತವು. ಬಾಗಿಲ ಮರೆಯಲ್ಲಿ ಚಲುವರಾಜು ಉಸಿರು ಬಿಗಿಹಿಡಿದಿದ್ದ. ಪರದೆಯಾಚೆಯಿಂದ ಪರೀಕ್ಷಕಿ, "ಚಿತ್ರ ತೋರಿಸೋರನ್ನ ಬೆಳಗ್ಗೆಯಿಂದ ಆರು ಜನ ನೋಡಿದೆ. ಬೆಲ್ಲ ತಂದೋರು ನೀವೊಬ್ರೇ. ಮುಂದಿನ ವಾರದಿಂದ ಕ್ಲಾಸ್ ತಗೊಳ್ತೀರಾ?" ಎಂದಾಗ ಅವನ ಕಣ್ಣು ಒದ್ದೆಯಾಯಿತು.

ಸೋಮವಾರ ಆಫೀಸಿನಿಂದ ಬಂದವನು ಕಾಫಿ ಕುಡಿದು ಗತ್ತಿನಿಂದ ಲ್ಯಾಪ್‌ಟಾಪ್ ತೆರೆದ. ಪರದೆಯ ಮೇಲೆ ಎರಡೇ ಹೆಸರು. ಮೇಲೆ "ಅರ್ಪಿತ", ಪಕ್ಕದಲ್ಲಿ ಬೀಗದ ಗುರುತು. ಕೆಳಗೆ "ಅತಿಥಿ".

"ಇದೇನೇ, ನನ್ ಹೆಸರೇ ಇಲ್ಲ?"

"ಇದೆಯಲ್ಲ, ಎರಡನೇದು."

"ಅತಿತಿ ಅಂದ್ರೆ ನೆಂಟ್ರು ಅಲ್ವೇನವ್ವಾ?" ಎಂದು ಕೇಳಿದರು ಚಿಕ್ಕಬೋರಮ್ಮ.

"ಹೂಂ ಅತ್ತೆ. ಕೂತ್ಕೊಂಡು ನೋಡ್ಬೋದು. ಏನನ್ನೂ ಕಿತ್ತಾಕಂಗಿಲ್ಲ."

"ಸರ್ಯಾಗೇ ಬರ್ದಿದ್ದೀಯ ಬುಡು! ನೀ ಬಂದಾಗಿಂದ್ಲೂ ನೋಡ್ತಾವ್ನಿ, ಕಾಫಿ ಕುಡ್ದ್‌ಬುಟ್ಟು ಲೋಟ ಅಲ್ಲೇ ಬುಟ್ಟು ಎದ್ದೋಗ್ತಾನೆ!"

ಚಲುವರಾಜು ಲ್ಯಾಪ್‌ಟಾಪಿನ ಪಕ್ಕದಲ್ಲಿದ್ದ ಖಾಲಿ ಲೋಟವನ್ನೊಮ್ಮೆ ನೋಡಿದ. ಎತ್ತಿಕೊಂಡು ತೊಳೆಯಲು ಹೋದ.