ಮೇಣದ ಮುಖದ ಸೇನಾಪತಿ

ಹಾಲು ಕಾಯಿಸುವ ಪಾತ್ರೆ ಮೇಣ ಕರಗಿಸುವ ಪಾತ್ರೆಯಾಗಿ ಬಡ್ತಿ ಪಡೆದ ದಿನವೇ ಸಲೂನು ಯಜಮಾನರ ಹೆಂಡತಿ ಯುದ್ಧ ಘೋಷಿಸಿದ್ದರು. ಯಜಮಾನರು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ನಾಟಕ ಕಂಪನಿಯವರು ತಮ್ಮ ಹೆಸರುವಾಸಿ ನಾಟಕದ ಸೇನಾಪತಿಯ ಗೊಂಬೆಯೊಂದನ್ನು ರಂಗಮಂದಿರದ ಬಾಗಿಲಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಇಡಬೇಕೆಂದಿದ್ದರು. ಆ ಪಾತ್ರ ಮಾಡುವ ನಟರು ಸಲೂನಿನ ಹಳೆಯ ಗಿರಾಕಿ. "ಆ ತಲೆ ನನ್ನ ಕೈಯಲ್ಲೇ ಪಳಗಿದ್ದು. ಗೊಂಬೆ ನಾನೇ ಮಾಡ್ತೀನಿ" ಎಂದು ಯಜಮಾನರು ಬೀದಿಗೆಲ್ಲ ಡಂಗುರ ಸಾರಿಬಿಟ್ಟಿದ್ದರು. ಇನ್ನು ಗೊಂಬೆ ಕೆಟ್ಟರೆ ಅದೇ ಬೀದಿಯಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

ತಂತಿಯ ಅಸ್ಥಿಪಂಜರಕ್ಕೆ ಜೇಡಿಮಣ್ಣು ಮೆತ್ತಿ ಮೈ ಆಯಿತು. ಮುಖಕ್ಕೆ ಮೇಣ. (ಮಣ್ಣಿನಲ್ಲಿ ಹುಬ್ಬಿನ ಗತ್ತು ಬರುವುದಿಲ್ಲವಂತೆ. ಹಾಗೆಂದು ತೀರ್ಪು ಕೊಟ್ಟ ತಜ್ಞರೂ ಅವರೇ.) ಹಳೆಯ ಕ್ಷೌರದ ಕತ್ತಿಯಲ್ಲಿ ಮೂಗು ಕೆತ್ತಿದರು, ಬಾಚಣಿಗೆಯ ಹಲ್ಲಿನಲ್ಲಿ ಕೂದಲು ಗೀರಿದರು, ನಟರ ಕೆನ್ನೆಯ ದೊಡ್ಡ ಮಚ್ಚೆಯನ್ನೂ ಮರೆಯದೆ ಕೂರಿಸಿದರು. ಕತ್ತಿನ ಹಿಂಭಾಗದ ಕಟಿಂಗ್ ಅಂತೂ ಲೋಕದ ಯಾವ ಶಿಲ್ಪಿಯ ಕೈಯಲ್ಲೂ ಆಗದಂತೆ ಬಂದಿತ್ತು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಚೆನ್ನಾಗಿದೆ ರೀ. ಆದ್ರೆ ಏನೋ ಹೆಚ್ಚುಕಮ್ಮಿ ಆಗಿದೆ."

"ನಿಂಗೆ ಹೊಟ್ಟೆಕಿಚ್ಚು."

"ಹೊಟ್ಟೆಕಿಚ್ಚಲ್ಲ, ಹಾಲಿನ ಪಾತ್ರೆ ಹೋದ ಸಂಕಟ."

ಮರುದಿನ ಬಿಸಿಲಿಗೆ ಮೇಣ ಕರಗೀತೆಂದು ಹೆಂಡತಿಯ ಕೈಯಲ್ಲಿ ಕೊಡೆ ಹಿಡಿಸಿಕೊಂಡು (ಕೊಡೆ ಗೊಂಬೆಗೆ ಮಾತ್ರ) ಯಜಮಾನರು ರಂಗಮಂದಿರಕ್ಕೆ ಮೆರವಣಿಗೆ ಹೊರಟರು. ಕಂಪನಿಯ ಮ್ಯಾನೇಜರು ಗೊಂಬೆಯನ್ನು ನೋಡಿದರು, ಪಕ್ಕದಲ್ಲಿದ್ದ ನಟರನ್ನು ನೋಡಿದರು, ಮತ್ತೆ ಗೊಂಬೆಯನ್ನು ನೋಡಿದರು.

"ಇವರ ಮಚ್ಚೆ ಬಲಗೆನ್ನೇಲಿದೆ. ಇದಕ್ಕೆ ಎಡಗೆನ್ನೇಲಿದೆ. ಬೈತಲೆನೂ ಆ ಕಡೆ ಹೋಗಿದೆ. ಮುಖಾನೇ ತಿರುಗುಮುರುಗು ಮಾಡಿದ್ದೀರಲ್ಲ."

"ಇಷ್ಟು ವರ್ಷ ನೋಡಿರೋ ಮುಖ, ಸ್ವಾಮಿ."

"ಎಲ್ಲಿ ನಿಂತ್ಕೊಂಡು ನೋಡಿದ್ರಿ?"

"ಕುರ್ಚಿ ಹಿಂದೆ ನಿಂತು, ಎದುರಿಗಿರೋ ಕನ್ನಡೀಲಿ..." ಎನ್ನುತ್ತಿದ್ದಂತೆ ಯಜಮಾನರ ಕೈ ತಾನಾಗಿ ತಮ್ಮ ಬಲಗೆನ್ನೆಗೆ ಹೋಯಿತು, ಆಮೇಲೆ ಎಡಗೆನ್ನೆಗೆ. ಹೆಂಡತಿ ಕೊಡೆಯ ಮರೆಯಲ್ಲಿ ನಗು ತಡೆಯಲು ಒದ್ದಾಡುತ್ತಿದ್ದರು. ಯಜಮಾನರಿಗೆ ಅವಮಾನದಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಗ ನಟರು ಗೊಂಬೆಯನ್ನು ಎತ್ತಿಕೊಂಡರು. "ಮ್ಯಾನೇಜರೇ, ನೀವು ಸುಮ್ನಿರಿ. ದಿನಾ ಬಣ್ಣ ಹಚ್ಕೊಳ್ಳೋವಾಗ ನಾನು ನೋಡೋ ಮುಖ ಇದೇ. ಇಷ್ಟು ಸರಿಯಾಗಿ ನನ್ನನ್ನ ಯಾರೂ ನೋಡಿರಲಿಲ್ಲ."

ಗೊಂಬೆ ಅಂದೇ ಗಾಜಿನ ಪೆಟ್ಟಿಗೆ ಸೇರಿತು. ಯಜಮಾನರ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ದಾರಿಯುದ್ದಕ್ಕೂ ಕಂಡಕಂಡವರನ್ನು ನಿಲ್ಲಿಸಿ ಸುದ್ದಿ ಹೇಳಿದರು. ಕೊನೆಗೆ ಮನೆಯ ಬಾಗಿಲಲ್ಲಿ ನಿಂತು, ಧಾರಾಳ ಮನಸ್ಸಿನಿಂದ ಹೆಂಡತಿಗೂ ವರ ಕೊಟ್ಟರು.

"ಮುಂದಿನ ಗೊಂಬೆ ನಿಂದೇ ಕಣೆ. ನಿನ್ನ ಮುಖ ನಾನು ಕಣ್ಣು ಮುಚ್ಕೊಂಡು ಮಾಡ್ತೀನಿ."

ಹೆಂಡತಿ ತಟ್ಟನೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. "ಹೌದಾ? ಹಾಗಾದ್ರೆ ನನ್ನ ಮಚ್ಚೆ ಯಾವ ಕೆನ್ನೇಲಿದೆ ಹೇಳಿ ನೋಡೋಣ."

ಯಜಮಾನರು ಈ ಸಲ ಏಮಾರುವವರಲ್ಲ. ಬಲವನ್ನು ಎಡ ಮಾಡಿ, ಎಡವನ್ನು ಬಲ ಮಾಡಿ, ಮನಸ್ಸಿನಲ್ಲೇ ಎರಡೆರಡು ಸಲ ತಾಳೆ ನೋಡಿ, ಮಹಾ ಶಿಲ್ಪಿಯ ಗಾಂಭೀರ್ಯದಿಂದ ಹೇಳಿದರು:

"ಎಡಗೆನ್ನೆ. ಇದ್ರಲ್ಲಿ ಅನುಮಾನಾನೇ ಇಲ್ಲ."

ಹೆಂಡತಿ ಕೈ ತೆಗೆದರು. ಎಡಗೆನ್ನೆಯಲ್ಲಿ ಮಚ್ಚೆ ಇರಲಿಲ್ಲ. ಬಲಗೆನ್ನೆಯಲ್ಲೂ ಇರಲಿಲ್ಲ.